ಮನೆಗೆ ಬೇಯಿಸಿದ ಬೆಲ್ಲ

ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ಈ ವರ್ಷ ಮುಂದುವರಿಯುವುದಿಲ್ಲ ಎಂದು ತಿಳಿದ ವಾರವೇ ಅರ್ಚನ ಸ್ಪ್ಯಾನಿಷ್ ಕಲಿಯಲು ಕೂತಳು. ಮೈಸೂರಿನ ಒಂದು ಪ್ರವಾಸಿ ಆಫೀಸಿಗೆ ಆ ಭಾಷೆ ಬಲ್ಲ ಗೈಡು ಬೇಕಾಗಿತ್ತು. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಶ್ರೀರಂಗಪಟ್ಟಣದಲ್ಲೇ ಹುಟ್ಟಿ ಬೆಳೆದವಳು ಎಂದು ಅವರು ಎರಡು ತಿಂಗಳು ಕಾಯಲು ಒಪ್ಪಿದರು. ಆಮೇಲೆ ಒಂದು ದಿನದ ಪರೀಕ್ಷೆ. ಅತಿಥಿಗಳನ್ನು ಕರೆದುಕೊಂಡು ಸುತ್ತಿಸಬೇಕು, ಸರಿಹೋದರೆ ಕೆಲಸ.

ದೇವಸ್ಥಾನದ ಬೀದಿಯ ಮನೆಯ ಜಗಲಿಯಲ್ಲಿ ಫೋನು ಹಿಡಿದು ಅವಳು ಬಾಯಿಪಾಠ ಮಾಡುತ್ತಿದ್ದಳು. ಆಬ್ಲೊ, ಮಾತಾಡುತ್ತೇನೆ. ಆಬ್ಲೆ, ಮಾತಾಡಿದೆ. ಆಬ್ಲಾರೆ, ಮಾತಾಡುವೆನು. ಪೂಜೆಯ ಕೆಲಸದಿಂದ ನಿವೃತ್ತರಾಗಿದ್ದ ತಂದೆ ಜಯರಾಮಯ್ಯ ಒಳಗಿನಿಂದಲೇ ಪಠತಿ, ಅಪಠತ್, ಪಠಿಷ್ಯತಿ ಎಂದು ಸಂಸ್ಕೃತದಲ್ಲಿ ದನಿಗೂಡಿಸುತ್ತಿದ್ದರು. ಏಳನೇ ವಯಸ್ಸಿಗೇ ಇದನ್ನೆಲ್ಲ ಒಪ್ಪಿಸಿದವಳಿಗೆ ಈಗೇನು ಕಷ್ಟ ಎಂಬುದು ಅವರ ವಾದ. ಅವಳಿಗೆ ಒಪ್ಪಿಸುವುದು ಕಷ್ಟವಾಗಿರಲಿಲ್ಲ. ಒಪ್ಪಿಸಿದ ಮೇಲೆ ಎದುರಿನವರು ಏನಾದರೂ ಕೇಳಿಬಿಟ್ಟರೆ ಎಂದು ಭಯ.

ವರ್ತಮಾನ ಒಂದು ಮಟ್ಟಿಗೆ ಕೈಗೆ ಬಂತು. ಭವಿಷ್ಯತ್ತಿಗೆ ಇಡೀ ಕ್ರಿಯಾಪದ ಇಟ್ಟುಕೊಂಡು ಕೊನೆಗೊಂದು ಬಾಲ ಅಂಟಿಸಿದರೆ ಬಹುಪಾಲು ಮುಗಿಯಿತು. ಕಾಡಿದ್ದು ಭೂತಕಾಲ. ಹೋಗು, ಇರು, ಮಾಡು, ಹಾಕು ಎಂಬ ದಿನಬಳಕೆಯ ಪದಗಳೇ ಅಲ್ಲಿಗೆ ಹೋದ ಕೂಡಲೇ ಗುರುತು ಸಿಗದಂತಾಗುತ್ತಿದ್ದವು. ಸಾಲದ್ದಕ್ಕೆ ಭೂತಕಾಲವೇ ಎರಡು: ಒಮ್ಮೆ ನಡೆದು ಮುಗಿದದ್ದಕ್ಕೊಂದು, ದಿನಾ ನಡೆಯುತ್ತಿದ್ದದ್ದಕ್ಕೊಂದು. ಎರಡನೆಯದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಳು. ಗೈಡಿಗೆ ಬೇಕಾದದ್ದು ಮೊದಲನೆಯದು: ಕಟ್ಟಿದ, ಗೆದ್ದ, ಸೋತ, ಸತ್ತ. ಕೋಟೆ, ಗುಡಿ, ಯುದ್ಧಗಳ ಮೇಲೆ ನಲವತ್ತು ವಾಕ್ಯ ಬರೆದು ಉರು ಹೊಡೆದಳು.

ಪರೀಕ್ಷೆಯ ದಿನ ಬಂದವರು ಕೊಲಂಬಿಯ ದೇಶದ ದಂಪತಿ. ಹೆಂಡತಿಯ ಹೆಸರು ಮಾರ್ತಾ, ಅರವತ್ತರ ಆಸುಪಾಸು. ಕಾರು ಓಡಿಸುತ್ತಿದ್ದವನು ಪಾಂಡವಪುರದ ದಿಲೀಪ್. ದಿನ ಹೇಗೆ ಹೋಯಿತು ಎಂದು ಸಂಜೆ ಆಫೀಸಿನ ಸಾಹುಕಾರರಿಗೆ ಫೋನು ಮಾಡಿ ಹೇಳಬೇಕಾದವನೂ ಅವನೇ. ಆ ಭಾಷೆ ಹೇಗೆ ಎಂದು ಅವನು ಕೇಳಿದ್ದಕ್ಕೆ ಅರ್ಚನ, ಬರೆಯುವಾಗ ಹಕಾರ ಇರುತ್ತದೆ, ಹೇಳುವಾಗ ಬಿಟ್ಟುಬಿಡುತ್ತಾರೆ ಎಂದಳು.

“ಅಂಗಾದ್ರೆ ನಮ್ ಕಡೆಯೋರೇ ಬುಡಿ,” ಎಂದ ದಿಲೀಪ್.

ಗುಡಿಯ ಮುಂದೆ ನಲವತ್ತರಲ್ಲಿ ಹದಿನೆಂಟು ವಾಕ್ಯ ಸರಾಗವಾಗಿ ಬಂದವು. ಆಗ ಮಾರ್ತಾ ಏನೋ ಕೇಳಿದಳು. ಅರ್ಚನಳಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಮುಂದುವರಿಯಲು ಹೋದರೆ ಹತ್ತೊಂಬತ್ತನೆಯದು ನೆನಪಿಗೆ ಬಾರದು. ಮತ್ತೆ ಒಂದರಿಂದ ಶುರುಮಾಡಿದಳು. ಮಾರ್ತಾಳ ಗಂಡ ಕೈಗಡಿಯಾರ ನೋಡಿಕೊಂಡ. ಅವನು ನೋಡಿದ್ದನ್ನು ದೂರದಲ್ಲಿ ನಿಂತ ದಿಲೀಪ್ ನೋಡಿದ್ದನ್ನು ಅರ್ಚನ ನೋಡಿದಳು.

ಇನ್ನು ಉಳಿದದ್ದು ಕ್ಯಾತನಹಳ್ಳಿ ಕಡೆಯ ಒಂದು ಆಲೆಮನೆ. ಬೆಲ್ಲ ಬೇಯಿಸುವುದನ್ನು ತೋರಿಸಲು ಆಫೀಸಿನವರು ಎಲ್ಲರನ್ನೂ ಅಲ್ಲಿಗೇ ಕರೆದೊಯ್ಯುತ್ತಿದ್ದರು. ಅದಕ್ಕೆಂದು ಅರ್ಚನ ಒಂದು ವಾಕ್ಯವನ್ನೂ ಬರೆದುಕೊಂಡಿರಲಿಲ್ಲ.

ಕಾರಿಳಿದದ್ದೇ ಮಾರ್ತಾ ಬೇರೆ ಹೆಂಗಸಾದಳು. ಯಾರಿಗೂ ಕಾಯದೆ ಕೊಪ್ಪರಿಗೆಯ ಹತ್ತಿರ ಹೋಗಿ, ಹಬೆಯ ಮೇಲೆ ಅಂಗೈ ಹಿಡಿದಳು. ಅವಳ ಮಾತಿನಲ್ಲಿ ಕಬ್ಬು, ಮನೆ, ಅಮ್ಮ ಎಂಬ ಪದಗಳು ಅರ್ಚನಳಿಗೆ ಸಿಕ್ಕಿದವು. ಅವಳ ತವರಿನಲ್ಲೂ ಬೆಲ್ಲ ಬೇಯಿಸುತ್ತಾರಂತೆ. ಆಲೆಮನೆಯ ಯಜಮಾನ ಲಿಂಗಣ್ಣ ಇದನ್ನು ಅರ್ಚನಳಿಂದ ಕೇಳಿ ಹಿಗ್ಗಿ, ಗಾಣದಿಂದ ಅಚ್ಚಿನವರೆಗೆ ಎಲ್ಲವನ್ನೂ ಕೈಸನ್ನೆಯಲ್ಲೇ ತೋರಿಸತೊಡಗಿದ.

ಅರ್ಚನ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಎರಡು ಸಾಲು ಬೆಂಡೆ ಗಿಡ. ಕಾಯಿಗಳು ಬಲಿತು ನಾರಾಗಿದ್ದರೂ ಯಾರೂ ಕಿತ್ತಿರಲಿಲ್ಲ. ಲಿಂಗಣ್ಣನ ತಾಯಿ ಪುಟ್ಟಲಕ್ಷ್ಮಮ್ಮ ನೆರಳಲ್ಲಿ ಕೂತಿದ್ದಳು. ಇಷ್ಟು ಬಲಿಯಲು ಬಿಟ್ಟಿದ್ದೀರಲ್ಲ ಎಂದು ಅರ್ಚನ ಕೇಳಿದಳು.

“ಕಾಯಿಗಲ್ಲ ಕಣವ್ವ, ಕಡ್ಡಿಗೆ,” ಎಂದಳು ಮುದುಕಿ. “ಮನೆಗೆ ಅಂತ ವರ್ಸಕ್ಕೊಂದ್ಸಲ ಬ್ಯಾರೆ ಬೇಯಿಸ್ತೀವಿ. ಕಡ್ಡಿ ಜಜ್ಜಿ ಲೋಳೆ ಬುಟ್ರೆ ಕೊಳೆ ಎಲ್ಲಾ ಮ್ಯಾಕ್ ಬತ್ತದೆ. ಬೆಲ್ಲ ಕರ್ರಗಾಯ್ತದೆ. ಬಂದೋರು ನಗಾಡ್ತಾರೆ ಅಂತ ನನ್ ಮಗ ಅದ್ನ ಈಚೆಗೇ ತಗಿಯಾಕಿಲ್ಲ.”

ಅರ್ಚನ ವಾಪಸು ಬರುವಷ್ಟರಲ್ಲಿ ಲಿಂಗಣ್ಣ ಸ್ಟೀಲ್ ತಟ್ಟೆಯಲ್ಲಿ ಬೆಲ್ಲ ತಂದಿದ್ದ. ಹೊಳೆಯುವ, ಹೆಚ್ಚು ಕಡಿಮೆ ಬಿಳಿಯ ಬೆಲ್ಲ. ಮಾರ್ತಾ ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಾಲಿಗೆ ನಿಧಾನವಾಗಿ ಆಡಿತು, ನಿಂತಿತು. ಕಬ್ಬಿನ ಹಾಲು ತಿಳಿ ಮಾಡಲು ಏನು ಹಾಕುತ್ತೀರಿ ಎಂದು ಅರ್ಚನಳ ಕಡೆ ತಿರುಗಿ ಕೇಳಿದಳು. ಈ ಸಲ ಪ್ರಶ್ನೆಯ ಒಂದೊಂದು ಪದವೂ ಅರ್ಥವಾಯಿತು. ಅವಳು ಅದನ್ನು ಲಿಂಗಣ್ಣನಿಗೆ ಹೇಳಿದಳು.

“ಬೆಂಡೆ ಲೋಳೆ ಅಂತ ಹೇಳವ್ವ,” ಎಂದ ಲಿಂಗಣ್ಣ. “ಬಂದೋರ್ಗೆಲ್ಲ ಅಂಗೇ ಹೇಳದು.”

ಒಲೆಯ ಪಕ್ಕ ಗೋಣಿತಾಟಿನಡಿ, ಬೆಲ್ಲ ಬಿಳುಪಾಗಲು ಹಾಕುವ ರಾಸಾಯನಿಕ ಪುಡಿಯ ಚೀಲ ಇಣುಕುತ್ತಿತ್ತು. ಬೆಂಡೆ ಹಾಕುತ್ತಾರೆ ಎಂದು ಹೇಳುವಷ್ಟು ಸ್ಪ್ಯಾನಿಷ್ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಬಹುಶಃ ಅಂದು ಉರು ಹೊಡೆಯದೆ ಆಡಿದ, ತಪ್ಪಿಲ್ಲದ ಒಂದೇ ವಾಕ್ಯ ಅದಾಗುತ್ತಿತ್ತು. ಲಿಂಗಣ್ಣ ಖುಷಿ, ದಿಲೀಪ್ ಖುಷಿ, ಕೆಲಸವೂ ಉಳಿಯುತ್ತಿತ್ತೇನೋ. ಆದರೆ ಮಾರ್ತಾಳ ಬಾಯಲ್ಲಿ ಆ ಚೂರು ಇನ್ನೂ ಇತ್ತು. ಬೆಲ್ಲದ ಮನೆಯ ಮಗಳ ನಾಲಿಗೆಗೆ ಎದುರಾಗಿ ಸುಳ್ಳು ಹೇಳುವುದು ಹೇಗೆ?

“ಎಸ್ತೊ, ಪಾರಾ ಎಲ್ ಮೆರ್ಕಾದೊ,” ಎಂದಳು ಅರ್ಚನ. ಇದು ಮಾರ್ಕೆಟ್ಟಿಗೆ. ಇದಕ್ಕೆ ಪುಡಿ ಹಾಕುತ್ತಾರೆ. ಮನೆಗೆ ಬೇರೆ ಮಾಡುತ್ತಾರೆ, ಗಿಡದಿಂದ. ಅದು ಕಪ್ಪು, ಅದು ಚೆನ್ನಾಗಿದೆ. ಹೇಳುತ್ತಾ ಹಿತ್ತಲ ಕಡೆ ಕೈ ತೋರಿದಳು.

ಏನಂದೆ ಎಂದು ಲಿಂಗಣ್ಣ ಕೇಳಿದ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಹೇಳಿದಳು.

“ನಮ್ ಜಾಗ್ದಲ್ಲಿ ನಿಂತ್ಕಂಡು ನಮ್ ಮಾನ ತಗ್ದ್ಬುಟ್ಟೆ.”

“ನಿಮ್ಮ ಮನೆ ಬೆಲ್ಲ ಚೆನ್ನಾಗಿದೆ ಅಂತಲೂ ಹೇಳಿದ್ದೀನಿ.”

“ತಿಂದಿದ್ದೀಯಾ ನೀನು?”

ಅವಳು ತಿಂದಿರಲಿಲ್ಲ. ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಮಗನ ಪಕ್ಕದಲ್ಲೇ ಹಾದು ಬಂದು, ಸೆರಗಿನ ಮರೆಯಿಂದ ಒಂದು ಕಪ್ಪು ಉಂಡೆ ತೆಗೆದು ಮಾರ್ತಾಳ ಕೈಗಿಟ್ಟಳು. ಮುರಿದು ಅರ್ಚನಳಿಗೂ ಒಂದು ಚೂರು ಕೊಟ್ಟಳು. ಲಿಂಗಣ್ಣ ಟವೆಲ್ಲು ಕೊಡವಿ ಗಾಣದ ಕಡೆ ಹೊರಟುಹೋದ.

ಮಾರ್ತಾ ತಿಂದಳು. ಆಮೇಲೆ ಮಾತು ನಿಲ್ಲಲಿಲ್ಲ. ಆಸಿಯಾ, ಪೋನಿಯಾ, ದೆಸಿಯಾ. ಅರ್ಚನ ಕಲಿಯದೆ ಬಿಟ್ಟ ಆ ಎರಡನೇ ಭೂತಕಾಲದಲ್ಲೇ ಎಲ್ಲವೂ. ಮಾಡುತ್ತಿದ್ದಳು, ಹಾಕುತ್ತಿದ್ದಳು, ಹೇಳುತ್ತಿದ್ದಳು. ಅರ್ಧಕ್ಕರ್ಧ ಊಹೆಯ ಮೇಲೆಯೇ ಅರ್ಚನ ಮುದುಕಿಗೆ ದಾಟಿಸಿದಳು: ಇವರ ಅಮ್ಮ ಯಾವುದೋ ಮರದ ತೊಗಟೆ ಜಜ್ಜಿ, ಅದರ ಲೋಳೆ ಹಾಕುತ್ತಿದ್ದರಂತೆ. ತೊಗಟೆಯನ್ನು ಎಷ್ಟು ಹೊತ್ತು ನೆನೆಹಾಕಬೇಕು ಎಂದು ಪುಟ್ಟಲಕ್ಷ್ಮಮ್ಮ ಕೇಳಿದಳು. ಅದು ಸ್ಪ್ಯಾನಿಷ್‌ಗೆ ಹೋಯಿತು, ಉತ್ತರ ಬಂತು. ಮಾರ್ತಾಳ ಗಂಡ ಕಬ್ಬಿನ ಹೊರೆಯ ಮೇಲೆ ಕೂತುಬಿಟ್ಟ. ಅರ್ಧ ಗಂಟೆಯ ಭೇಟಿ ಎರಡು ಗಂಟೆಯಾಯಿತು.

ಹೊರಡುವಾಗ ಲಿಂಗಣ್ಣ ಅರ್ಚನಳ ಮುಖ ನೋಡಲಿಲ್ಲ. ಆ ಹೆಣ್ಣುಮಗಳನ್ನು ಇನ್ನೊಮ್ಮೆ ಇಲ್ಲಿಗೆ ಕರೆತರಬೇಡ ಎಂದು ದಿಲೀಪನಿಗೆ ಅವಳಿಗೆ ಕೇಳುವಂತೆಯೇ ಹೇಳಿದ.

ಪಾಂಡವಪುರದಲ್ಲಿ ದಿಲೀಪ್ ಕಾರು ನಿಲ್ಲಿಸಿ, ಹೊರಗೆ ನಿಂತು ಫೋನು ಹಚ್ಚಿದ. ಅರ್ಚನ ಕಿಟಕಿಯ ಗಾಜು ಒಂದು ಬೆರಳಷ್ಟು ಇಳಿಸಿದಳು.

“ಇಲ್ಲ ಸಾ, ಗುಡಿ ತಾವ ಅಷ್ಟಕ್ಕಷ್ಟೆ,” ಎನ್ನುತ್ತಿದ್ದ. “ಆಲೆಮನೆ ತಾವ ಆಯಮ್ಮ ಎದ್ದೇ ಬರ್ನಿಲ್ಲ, ಅಷ್ಟ್ ಮಾತಾಡಿದ್ರು. ಬ್ಯಾರೆ ಆಲೆಮನೆ ನೋಡ್ಕಳಣ ಸಾ. ಗೈಡು ಇವ್ರೇ ಇರ್ಲಿ.”

ಅರ್ಚನ ಗಾಜು ಏರಿಸಿ ಕಣ್ಣು ಮುಚ್ಚಿಕೊಂಡಳು. ಕೆಲಸ ಸಿಕ್ಕಿತು. ಆದರೂ ಮನಸ್ಸು ಆಲೆಮನೆಯಲ್ಲೇ ಇತ್ತು. ಇಷ್ಟು ಹೊತ್ತಿಗೆ ಆ ಮುದುಕಿ ಮಗನ ಕೈಲಿ ಎಷ್ಟು ಮಾತು ಕೇಳಿಸಿಕೊಂಡಿರಬಹುದು? ದಿಲೀಪನಿಂದ ನಂಬರು ಪಡೆದು ಲಿಂಗಣ್ಣನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಆಗಲೂ ಎತ್ತಲಿಲ್ಲ.

ಕ್ಯಾತನಹಳ್ಳಿಗೆ ಭಾನುವಾರ ಬೆಳಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಅವಳು ದಿಲೀಪನನ್ನು ಕೇಳಿದಳು.