ಇನ್ನೂರೈವತ್ತೇಳರ ಪರೀಕ್ಷೆ

ಪರದೆಯ ಮೇಲೆ ಐನೂರ ಹದಿಮೂರು ಎಂದು ಮೂಡಿದ್ದೇ ತಡ, ಮೇಸ್ತ್ರಿಯ ಕೈ ಗಾಳಿ ಬಿಡುವ ತಿರುಪಿನ ಮೇಲೆ ಬಿತ್ತು. ಉಕ್ಕಿನ ಕೋಣೆಯೊಳಗೆ ಕೂತಿದ್ದವನು ಪರದೆಯ ಮುಂದೆ ಲೆಕ್ಕ ನೋಡುತ್ತಿದ್ದವಳ ತಮ್ಮ. ನೀರಿನಾಳದಲ್ಲಿ ಸೇತುವೆಯ ಕಂಬಕ್ಕೆ ಬೆಸುಗೆ ಹಾಕಿ ಬಂದವರನ್ನು ಅಲ್ಲಿ ಕೂರಿಸಿ ಒತ್ತಡವನ್ನು ಮೆಲ್ಲಗೆ ಇಳಿಸಬೇಕು. ಅವಸರಪಟ್ಟರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಮನುಷ್ಯ ಎದ್ದು ನಡೆದರೆ ಅದೇ ಪುಣ್ಯ.

"ಮುಟ್ಟಬೇಡಿ ಮೇಸ್ತ್ರಿ!" ಅವಳು ಕೂಗಿದಳು.

"ನಾನೂರೇ ಅಪಾಯ, ಇದು ಐನೂರು ದಾಟಿದೆ! ಒಳಗಿರೋನು ನಿನ್ನ ತಮ್ಮ ತಾನೇ?"

ಹಳೆಯ ಒತ್ತಡಮಾಪಕ ಆಗಷ್ಟೇ ಕೈಕೊಟ್ಟಿತ್ತು. ಬೆಳಿಗ್ಗೆಯೇ ಪರೀಕ್ಷಿಸಿಟ್ಟಿದ್ದ ಹೊಸದನ್ನು ಅದರ ಜಾಗಕ್ಕೆ ಜೋಡಿಸಿದವಳು ಅವಳು. ಮಾಪಕ ಕಳಿಸುವ ಬೈಟುಗಳನ್ನು ಸಂಖ್ಯೆಯಾಗಿ ಓದುವ ಪ್ರೋಗ್ರಾಂ ಬರೆದವಳೂ ಅವಳೇ. ಸಂಖ್ಯೆ ಎರಡು ತುಂಡಾಗಿ ಬರುತ್ತದೆ: ಒಂದು ತುಂಡು ಎಷ್ಟು ಇನ್ನೂರೈವತ್ತಾರು ಎಂದು ಹೇಳಿದರೆ, ಇನ್ನೊಂದು ಉಳಿದ ಚಿಲ್ಲರೆ. ಹಳೆಯದು ದೊಡ್ಡ ತುಂಡನ್ನು ಮೊದಲು ಕಳಿಸುತ್ತಿತ್ತು. ಹೊಸದು? ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಇನ್ನೂರೈವತ್ತೇಳು ಹಾಕಿ ಪರೀಕ್ಷಿಸಿದ್ದಳು. ಒಂದು ಇನ್ನೂರೈವತ್ತಾರು, ಚಿಲ್ಲರೆ ಒಂದು. ಹಿಂದುಮುಂದಾದರೂ ಅದೇ ಉತ್ತರ! ಬಾಯಿಪಾಠವಾದ ಮಗ್ಗಿಯನ್ನೇ ಒಪ್ಪಿಸಿ ಪಾಸಾದ ಜಾಣೆ.

ಪರದೆಯಲ್ಲಿರುವುದು ಎರಡು ಇನ್ನೂರೈವತ್ತಾರು, ಚಿಲ್ಲರೆ ಒಂದು. ತಿರುಗಿಸಿದರೆ ಒಂದು ಇನ್ನೂರೈವತ್ತಾರು, ಚಿಲ್ಲರೆ ಎರಡು.

"ತುಂಡುಗಳು ಅದಲುಬದಲಾಗಿವೆ. ನಿಜವಾದ ಒತ್ತಡ ಇನ್ನೂರೈವತ್ತೆಂಟು. ತಪ್ಪು ನಂದು."

"ಬೆಳಿಗ್ಗೆ ಎಲ್ಲಾ ಸರಿಯಾಗಿದೆ ಅಂದವಳೂ ನೀನೇ. ಯಾವ ಬಾಯಿ ಮಾತು ನಂಬಲಿ?"

ತಿರುಪಿನ ಮೇಲೆ ಅವನ ಬೆರಳುಗಳು ಬಿಗಿಯಾದವು.

"ನನ್ನನ್ನ ನಂಬಲೇಬೇಡಿ. ಒಂದೇ ಒಂದು ಅಂಕಿಯಷ್ಟು ಗಾಳಿ ಬಿಡಿ. ನಾನು ಹೇಳಿದ್ದು ನಿಜವಾದ್ರೆ ಐನೂರ ಹನ್ನೆರಡು ಬರಲ್ಲ. ನೆಟ್ಟಗೆ ಇನ್ನೂರೈವತ್ತೇಳಕ್ಕೆ ಬೀಳುತ್ತೆ."

ಮೇಸ್ತ್ರಿ ಹಲ್ಲು ಕಚ್ಚಿ, ಸಾಸಿವೆಯಷ್ಟು ತಿರುಗಿಸಿ, ಥಟ್ಟನೆ ಮುಚ್ಚಿದ. ಸುಯ್ ಎಂದಿತು ಕೊಳವೆ. ಇಬ್ಬರೂ ಪರದೆಯತ್ತ ಬಾಗಿದರು.

ಇನ್ನೂರೈವತ್ತೇಳು.

ಮೇಸ್ತ್ರಿ ಕೈ ತೆಗೆದು ಅಂಗಿಗೆ ಒರೆಸಿಕೊಂಡ. ಬೈಯಲೂ ಅವನಿಗೆ ತ್ರಾಣವಿರಲಿಲ್ಲ. ತಮ್ಮ ಹೊರಬರುವವರೆಗೆ ಯಂತ್ರ ನಿಲ್ಲಿಸಿ ಪ್ರೋಗ್ರಾಂ ತಿದ್ದುವಂತಿಲ್ಲ. ಪ್ರತಿ ಸಂಖ್ಯೆಯನ್ನೂ ಅವಳೇ ಮನಸ್ಸಿನಲ್ಲಿ ತಿರುಗಿಸಿ ಕೂಗಿ ಹೇಳಬೇಕು.

ಒಳಗಿನ ಫೋನು ಗರಗರ ಎಂದಿತು. "ಅಕ್ಕಾ, ಏನದು ಗಲಾಟೆ? ಲೆಕ್ಕ ನೀನೇ ನೋಡ್ತಿದೀಯಾ?"

"ಹೂಂ ಕಣೋ."

"ಹಾಗಾದ್ರೆ ಚಿಂತೆಯಿಲ್ಲ. ಒಂದು ನಿದ್ದೆ ತೆಗೀತೀನಿ."

ಬೈಗುಳವನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳು, ಈ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಸುಮ್ಮನಿದ್ದರೆ ಅವನಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

"ಮಲಗಬೇಡ, ಕೇಳು. ಪರೀಕ್ಷೆ ಸರಿಯಾಗಿ ಮಾಡಿರಲಿಲ್ಲ ನಾನು. ಈಗ ನಿನ್ನ ಪ್ರಾಣಕ್ಕೇ ಕುತ್ತು ಬರ್ತಿತ್ತು."

ಒಳಗೆ ಅವನು ಎದ್ದು ಕೂತ ಸದ್ದು ಫೋನಿನಲ್ಲಿ ಕೇಳಿಸಿತು.

"ಪ್ರತಿ ಅಂಕಿನೂ ಜೋರಾಗಿ ಓದು," ಎಂದ ತಮ್ಮ. ಅಕ್ಕಾ ಎನ್ನಲಿಲ್ಲ. "ಜೊತೆಗೆ ನಾನೂ ಎಣಿಸ್ತೀನಿ."