ಆರನೆಯ ಸಾಲಿನ ಕೆಂಪು ಪಟ್ಟಿ

ಪೈಪಿಗೆ ಕಿವಿ ಹಚ್ಚಿ ನಿಂತ ಎಂಜಿನಿಯರನನ್ನು ನೋಡಿ ವಾರ್ತಿನಿಗೆ ನಗು ಬರಲಿಲ್ಲ. ಬೇರೆ ದಿನವಾಗಿದ್ದರೆ ಬರುತ್ತಿತ್ತು. ಭಾನುವಾರದ ರಜೆ, ಉಂಗಾರಾನ್ ಪಟ್ಟಣದ ಆ ಹೊಲಿಗೆ ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಸುಮ್ಮನಿದ್ದವು. ಅವುಗಳಿಗೆ ಪೈಪಿನಲ್ಲಿ ಗಾಳಿ ಒತ್ತುವ ಹಿತ್ತಲಿನ ಕಂಪ್ರೆಸರ್ ಮಾತ್ರ ಓಡುತ್ತಿತ್ತು. ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಈ ನಿಶ್ಶಬ್ದದಲ್ಲೇ ಕೇಳಬೇಕಂತೆ. ಸಾಲಿಗೊಬ್ಬರು ಬರಬೇಕೆಂದು ಹುಕುಂ ಆಗಿತ್ತು. ಆರನೆಯ ಸಾಲಿನಿಂದ ಬಂದವಳು ವಾರ್ತಿನಿ.

ಎಲ್ಲದಕ್ಕೂ ಮೂಲ ಗೇಟಿನ ಮೇಲಿನ ಬ್ಯಾನರು. ಇಲ್ಲಿ ಹೊಲಿದ ಅಂಗಿಗಳನ್ನು ಕೊಳ್ಳುವ ಯುರೋಪಿನ ಕಂಪನಿ, ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ಇಳಿಸುತ್ತೇನೆಂದು ಜಗತ್ತಿಗೆಲ್ಲ ಮಾತು ಕೊಟ್ಟಿತ್ತು. ಮಾತು ಕೊಟ್ಟವರು ಅಲ್ಲಿ, ಉಳಿಸಿಕೊಳ್ಳಬೇಕಾದವರು ಇಲ್ಲಿ. ಮ್ಯಾನೇಜರು ಪಾಕ್ ಹರ್ಸೊಯೊ ಬ್ಯಾನರಿನ ಕೆಳಗೆ ನಿಂತು ಭೂಮಿಯನ್ನು ಕಾಪಾಡುವ ಭಾಷಣ ಮಾಡಿದರು. ಹೆಂಗಸರು ಚಪ್ಪಾಳೆ ತಟ್ಟಿ, ಬಾಳೆಲೆಯಲ್ಲಿ ಸುತ್ತಿ ಹಂಚಿದ ಅಂಟಕ್ಕಿಯ ಅನ್ನ ತಿಂದು, ಯಾರ ಕೆಲಸಕ್ಕೆ ಕುತ್ತು ಬಂತೋ ಎಂದು ಮುಖ ಮುಖ ನೋಡಿಕೊಂಡರು.

ಆಮೇಲೆ ಈ ಎಂಜಿನಿಯರ್ ಬಂದ, ಎಲ್ಲರೂ ಅಣ್ಣ ಎನ್ನುವಂತೆ ಮಾಸ್ ಎಂದು ಕರೆಯುವ ವಿಬಿಸೊನೊ. ಕಂಪ್ರೆಸರ್ ಸುಮ್ಮಸುಮ್ಮನೆ ವಿದ್ಯುತ್ ನುಂಗುತ್ತಿದೆ, ಸೋರುವಲ್ಲೆಲ್ಲ ಒಂದೊಂದು ಪಟ್ಟಿ ಕಟ್ಟಿ, ನಾನು ರಿಪೇರಿ ಮಾಡಿಸುತ್ತೇನೆ ಎಂದು ಚೀಲ ಬಿಚ್ಚಿದ. ಒಳಗಿದ್ದವೆಲ್ಲ ಕೆಂಪು ಪಟ್ಟಿಗಳು. ಊರಲ್ಲಿ ಬೇರೆ ಬಣ್ಣವೇ ಸಿಗಲಿಲ್ಲವೋ ಏನೋ. ಹೊಲಿಗೆ ಕೆಡಿಸಿದವಳ ತಲೆಯ ಮೇಲೆ ಮೇಲ್ವಿಚಾರಕಿ ತೂಗುಹಾಕುವುದೂ ಕೆಂಪು ಪಟ್ಟಿಯನ್ನೇ. ಕಳೆದ ರಂಜಾನಿನಲ್ಲಿ ಯಾರ ಮೇಲೆ ಅದು ತೂಗಿತ್ತೋ, ಹಬ್ಬ ಕಳೆದ ಮೇಲೆ ಅವರಾರ ಒಪ್ಪಂದವೂ ಮುಂದುವರಿಯಲಿಲ್ಲ.

"ಗೊತ್ತಿಲ್ದೆ ತಂದನೋ, ಗೊತ್ತಿದ್ದೇ ತಂದನೋ," ಎಂದಿದ್ದಳು ಪಕ್ಕದ ಯಂತ್ರದ ಸುಪಾರ್ಮಿ.

ಅಂದೇ ಸಂಜೆ ಹೆಂಗಸರೆಲ್ಲ ಸೋರುವ ಕಡೆ ಚಿಂದಿ ತುರುಕಿ, ಎಲಾಸ್ಟಿಕ್ ಬಿಗಿದು, ಸದ್ದು ಅಡಗಿಸಿದರು. ಮೇಲೆ ತಮ್ಮ ನಮಾಜಿನ ನಿಲುವಂಗಿಯ ಚೀಲಗಳನ್ನು ನೇತುಹಾಕಿದರು. ಅದನ್ನು ಯಾವ ಗಂಡಸು ಮುಟ್ಟುತ್ತಾನೆ?

ಐದು ಸಾಲು ಮುಗಿದರೂ ವಿಬಿಸೊನೊಗೆ ಏನೂ ಸಿಗಲಿಲ್ಲ. ಆ ಸಾಲುಗಳವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು.

"ಇದೇನಕ್ಕಾ? ಕಂಪ್ರೆಸರ್ ಒಂದು ಗಳಿಗೆ ನಿಲ್ತಿಲ್ಲ. ಇಲ್ಲಿ ನೋಡಿದ್ರೆ ಎಲ್ಲೂ ಸೋರ್ತಿಲ್ಲ. ಗಾಳಿ ಎಲ್ಲಿಗೆ ಹೋಗ್ತಿದೆ?"

"ನಂಗೇನು ಗೊತ್ತು ಮಾಸ್. ನಾನು ಕಾಲರ್ ಹೊಲಿಯೋಳು."

"ಆ ಚೀಲ ನಿಮ್ದಾ?"

"ಹೂಂ. ನಮಾಜಿನ ಬಟ್ಟೆ."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಸಾಲಿನುದ್ದಕ್ಕೂ ನೇತಾಡುತ್ತಿದ್ದ ಚೀಲಗಳತ್ತ ಕಣ್ಣು ಹಾಯಿಸಿದ. "ಇವತ್ತು ರಜೆ. ಎಲ್ರೂ ಬಟ್ಟೆ ಇಲ್ಲೇ ಬಿಟ್ಟು ಹೋಗಿದಾರೆ. ಮನೇಲಿ ಯಾರೂ ನಮಾಜು ಮಾಡಲ್ವಾ?"

ವಾರ್ತಿನಿಯ ಕಿವಿ ಬಿಸಿಯಾಯಿತು. "ನೀವೇನು ಪೊಲೀಸಾ?"

"ಅಲ್ಲಕ್ಕಾ. ಕರೆಂಟಿನ ಖರ್ಚು ಇಳೀದಿದ್ರೆ ಆರ್ಡರ್ ಬೇರೆ ಕಾರ್ಖಾನೆಗೆ ಹೋಗುತ್ತೆ. ಆಗ ಎಲ್ರೂ ಮನೆಗೇ."

"ಹೆದರಿಸ್ತಿದೀರಾ?"

"ನಾನೇ ಹೆದರಿದೀನಿ."

ಅವಳಿಗೆ ಸಿಟ್ಟು ಬಂತು. "ತೋರಿಸಿದ್ರೆ ನನ್ನ ತಲೆ ಮೇಲೆ ಕೆಂಪು ಕಟ್ತೀರಿ. ನನ್ನ ಒಪ್ಪಂದ ಮುಗಿಯೋದು ಇದೇ ತಿಂಗಳು. ಮನೇಲಿ ದುಡಿಯೋಳು ನಾನೊಬ್ಬಳೇ. ರಂಜಾನಿನಲ್ಲಿ ಕೆಂಪು ಕಟ್ಟಿಸ್ಕೊಂಡೋರು ಈಗೆಲ್ಲಿದಾರೆ ಅಂತ ನಿಮ್ಮ ಮ್ಯಾನೇಜರನ್ನ ಕೇಳಿ."

ಅವನು ಕೈಯಲ್ಲಿದ್ದ ಪಟ್ಟಿಯನ್ನು ಆಗಷ್ಟೇ ಕಂಡವನಂತೆ ನೋಡಿದ. "ದೂರಕ್ಕೆ ಕಾಣ್ಲಿ ಅಂತ ತಂದೆ. ಯಾರೂ ನಂಗೆ ಹೇಳ್ಲಿಲ್ಲ."

ನಿಜವೋ ನಾಟಕವೋ ಅವಳಿಗೆ ತಿಳಿಯಲಿಲ್ಲ. ಅವನು ಪಟ್ಟಿಯನ್ನು ತನ್ನ ಕೊರಳಿನ ಗುರುತಿನ ಚೀಟಿಯ ದಾರಕ್ಕೆ ಗಂಟು ಹಾಕಿದ. "ನಂದೂ ವರ್ಷದ ಒಪ್ಪಂದವೇ. ತೆಗೆಯೋದಾದ್ರೆ ನನ್ನಿಂದ ಶುರು ಮಾಡ್ಲಿ. ನಾಳೆ ಹೀಗೇ ಮ್ಯಾನೇಜರ್ ರೂಮಿಗೆ ಹೋಗಿ, ಈ ಪಟ್ಟಿ ನೋಡಿ ಯಾರನ್ನೂ ತೆಗೀಬೇಡಿ ಅಂತ ಹೇಳ್ತೀನಿ."

"ಇವತ್ತು ನೋಡೋರು ಯಾರೂ ಇಲ್ವಲ್ಲ. ಯಾರು ಬೇಕಾದ್ರೂ ಕಟ್ಕೋಬಹುದು."

"ನಾಳೆ ನೀವೇ ನೋಡಿ."

ತಪ್ಪು ಮಾಡುತ್ತಿದ್ದೇನೆ ಎಂದು ಅನಿಸುತ್ತಿರುವಾಗಲೇ ವಾರ್ತಿನಿ ಚೀಲ ಇಳಿಸಿ, ಎಲಾಸ್ಟಿಕ್ ಬಿಚ್ಚಿದಳು. ಖಾಲಿ ಕಾರ್ಖಾನೆಯ ತುಂಬ ಸುಯ್ಯೆನ್ನುವ ಸದ್ದು ಹರಡಿತು.

ಸೋಮವಾರ ಬೆಳಿಗ್ಗೆ ಇಡೀ ಕಾರ್ಖಾನೆಯ ಪೈಪುಗಳ ಮೇಲಿದ್ದದ್ದು ಒಂದೇ ಪಟ್ಟಿ, ಅವಳ ತಲೆಯ ಮೇಲೆ, ಸೋರುವ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತ. ಸುಪಾರ್ಮಿ ತನ್ನ ಸ್ಟೂಲನ್ನು ಅಷ್ಟು ಆಚೆಗೆ ಎಳೆದುಕೊಂಡಳು.

"ಅವನ ಮಾತಿಗೆ ಮರುಳಾದ್ಯಾ? ನೋಡೋಕೆ ಚೆನ್ನಾಗಿದಾನೆ ಅಂತಲಾ?"

ವಾರ್ತಿನಿ ಮಹಡಿಯ ಮೇಲಿನ ಮ್ಯಾನೇಜರರ ಗಾಜಿನ ಕೋಣೆಯನ್ನೇ ನೋಡುತ್ತಿದ್ದಳು. ವಿಬಿಸೊನೊ ಮ್ಯಾನೇಜರರ ಎದುರು, ಇತ್ತ ಬೆನ್ನು ಮಾಡಿ ನಿಂತಿದ್ದ. ಅವನು ಗಾಜಿನ ಕಡೆ ಕೈ ತೋರಿಸುತ್ತ ತಿರುಗಿದಾಗ ಎದೆಯ ಮೇಲೆ ಕೆಂಪು ಕಾಣಿಸಿತು. ಪಾಕ್ ಹರ್ಸೊಯೊ ಏನೋ ಹೇಳಿ, ಕೊಡು ಎನ್ನುವಂತೆ ಅಂಗೈ ಚಾಚಿದರು. ವಿಬಿಸೊನೊ ಇಲ್ಲವೆಂದು ತಲೆಯಾಡಿಸಿ ಪಟ್ಟಿಯ ಮೇಲೆ ಕೈ ಇಟ್ಟುಕೊಂಡ. ಮ್ಯಾನೇಜರು ಗಾಜಿನ ಹತ್ತಿರ ಬಂದು ಕೆಳಗಿನ ಆರನೆಯ ಸಾಲನ್ನು ನೋಡುತ್ತ ನಿಂತರು.

"ಸುಪಾರ್ಮಿ," ಎಂದಳು ವಾರ್ತಿನಿ, ತಲೆ ತಗ್ಗಿಸದೆ. "ಚೀಲ ಇಳಿಸೇ."

"ನಿಂಗೆ ತಲೆ ಕೆಟ್ಟಿದೆ."

"ಪಟ್ಟಿ ನಂದೊಂದೇ ಇದ್ರೆ ನನ್ನೊಬ್ಬಳನ್ನೇ ತೆಗೀತಾರೆ. ಎಲ್ರ ಮೇಲೂ ಇದ್ರೆ ಎಷ್ಟು ಜನರನ್ನ ತೆಗೀತಾರೆ?"

ಸುಪಾರ್ಮಿ ಎದ್ದು ನಿಂತು ಚೀಲದ ಹಿಡಿಕೆಗೆ ಕೈ ಹಾಕಿದಳು. ಗಾಜಿನ ಕಡೆ ಒಮ್ಮೆ, ವಾರ್ತಿನಿಯ ಕಡೆ ಒಮ್ಮೆ ನೋಡಿದಳು. ಇಳಿಸಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಬೆರಳುಗಳ ಕೆಳಗೆ ಚೀಲ ಹಿಂದಿನ ಪೈಪಿನಿಂದ ಸೋರುವ ಗಾಳಿಗೆ ಸಣ್ಣಗೆ ನಡುಗುತ್ತಿತ್ತು.