ಸಾನ್ ವೀತೊನ ಬೆರಳು

ರೊಕ್ಕಾಸ್ಪೀನಾ ಊರನ್ನು ಕಟ್ಟಿದವನು ಟ್ರಾಯ್ ಯುದ್ಧ ಮುಗಿಸಿ ದಾರಿ ತಪ್ಪಿದ ಒಬ್ಬ ಗ್ರೀಕ್ ಸೇನಾಪತಿ. ಇದು ಎರ್ಮಿನಿಯೊ ಮೇಷ್ಟ್ರಿಗೆ ಮಾತ್ರ ಗೊತ್ತಿದ್ದ ಸಂಗತಿ. ಕೇಳಿ ಕೇಳಿ ತಲೆ ಚಿಟ್ಟುಹಿಡಿದ ಊರಿನವರು ಕೊನೆಗೆ ಅದನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಚರ್ಚಿನ ಮುಂದೆ ನಿಲ್ಲಿಸಲು ಒಪ್ಪಿದ್ದರು. ಕೆತ್ತಿಸಿಬಿಟ್ಟರೆ ಮೇಷ್ಟ್ರು ಬಾಯಿ ಮುಚ್ಚಿಯಾರು ಎಂಬ ಆಸೆ ಅವರದು. ಮೇಷ್ಟ್ರಿಗೆ ಮಾತ್ರ ಅದು ಬದುಕೆಲ್ಲ ಕಾದ ದಿನ.

ಊರ ಸಂತ ಸಾನ್ ವೀತೊನ ಹಬ್ಬದ ದಿನ ಕಲ್ಲಿನ ಅನಾವರಣ. ಕಣಿವೆಯಾಚೆಯ ಮೊಂತೆಗ್ರೀಜೊದವರನ್ನೂ ಕರೆಯಬೇಕೆಂದು ಮೇಷ್ಟ್ರು ಹಟ ಹಿಡಿದರು. ಆ ಊರಿಗೆ ಸಂತನ ಪ್ರತಿಮೆಯೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಮರದ ಬೆರಳಿಗೆ ಇಡೀ ಊರು ಮಂಡಿಯೂರುತ್ತದೆ. ಅದನ್ನು ಹೇಳಿಕೊಂಡು ನಗದ ಮದುವೆಯೂಟ ರೊಕ್ಕಾಸ್ಪೀನಾದಲ್ಲಿ ನಡೆದದ್ದಿಲ್ಲ. ರೊಕ್ಕಾಸ್ಪೀನಾದ ಮರದ ಸಾನ್ ವೀತೊನಿಗೂ ಒಂದು ಬೆರಳಿಲ್ಲ, ನಿಜ. ಆದರೆ ಅದು ಕಡಲುಗಳ್ಳರ ಕತ್ತಿಗೆ ಹೋದದ್ದು. ಹಾಗೆಂದು ಹೇಳಿದವರೂ ಮೇಷ್ಟ್ರೇ.

ಮೆರವಣಿಗೆ ಬಂಡೆಯಂಚಿಗೆ ಬಂದಾಗ ಸಂತನ ಬೆನ್ನನ್ನು ಮೊಂತೆಗ್ರೀಜೊದ ಕಡೆ ತಿರುಗಿಸುವುದು ಊರಿನ ಹಳೆಯ ಪದ್ಧತಿ. ಈ ಸಲ ಅತಿಥಿಗಳು ಅಲ್ಲೇ ನಿಂತಿರುತ್ತಾರೆ, ಬೆನ್ನು ತೋರಿಸಿದರೆ ಮರ್ಯಾದೆಯಲ್ಲ ಎಂದರು ಮೇಷ್ಟ್ರು.

ಚರ್ಚಿನ ಬೀಗದ ಕೈ ಇಟ್ಟುಕೊಂಡಿದ್ದ ಪಾಲ್ಮೀರಾ ಒಪ್ಪಲಿಲ್ಲ. "ಬೆನ್ನೇ ತಿರುಗಿಸ್ಬೇಕು ಅಂತ ನಮ್ಮಜ್ಜಿ ಹೇಳಿದ್ರು, ಮೇಷ್ಟ್ರೇ."

"ಯಾಕಂತೆ?"

"ನಿನಗೆ ಹೇಳಿದ್ರೆ ಊರೆಲ್ಲಾ ಡಂಗುರ ಹೊಡೀತೀಯ ಅಂತ ಅಜ್ಜಿ ನನಗೂ ಹೇಳ್ಲಿಲ್ಲ."

"ಕಾರಣ ಗೊತ್ತಿಲ್ದೆ ಇರೋದಕ್ಕೆ ಪದ್ಧತಿ ಅನ್ನಲ್ಲಮ್ಮ, ಮೊಂಡುತನ ಅಂತಾರೆ," ಎಂದು ಮೇಷ್ಟ್ರು ಸಂತನ ಮುಖವನ್ನೇ ಅತಿಥಿಗಳ ಕಡೆ ತಿರುಗಿಸಿದರು.

ಮೊಂತೆಗ್ರೀಜೊದ ಪಾದ್ರಿ ದೊನ್ ಲಿಬೊರಿಯೊ ಹಬ್ಬದ ಗೌರವಕ್ಕೆಂದು ತಮ್ಮ ಬೆರಳಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಿದ್ದರು. ಸಂತನ ಮುಖ ನೋಡಿದರು. ಕೈ ನೋಡಿದರು. ಯಾರನ್ನೂ ಕೇಳದೆ ಪೆಟ್ಟಿಗೆ ತೆರೆದು ಬೆರಳನ್ನು ಆ ಕೈಯಲ್ಲಿ ಬೆರಳಿಲ್ಲದ ಜಾಗಕ್ಕೆ ಒತ್ತಿದರು. ಬಾಟಲಿಗೆ ಬಿರಡೆ ಕೂತಂತೆ ಕೂತಿತು. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿದರು.

"ನಮ್ಮ ಚರ್ಚಿನ ಕಿಟಕಿಯಿಂದ ಇಳಿಸೋವಾಗ ಈ ಬೆರಳು ಮುರಿದು ಬಿದ್ದಿತ್ತು ಅಂತ ನಮ್ಮ ಹಿರೀಕರು ಹೇಳ್ತಿದ್ರು," ಎಂದರು ದೊನ್ ಲಿಬೊರಿಯೊ. "ಹಂದಿ ಕಾಯೋ ನಾಲ್ಕು ಮನೆಯೋರು ಸಂತನ್ನ ಹೊತ್ಕೊಂಡು, ಬೇರೆ ಊರು ಕಟ್ತೀವಿ ಅಂತ ಓಡಿಹೋದ್ರಂತೆ. ಎಲ್ಲಿಗೆ ಅಂತ ಇವತ್ತು ಗೊತ್ತಾಯ್ತು. ನಮ್ಮ ಸಂತನ್ನ ನಮಗೆ ಕೊಡಿ, ಮೇಷ್ಟ್ರೇ."

ಪಾಲ್ಮೀರಾಳ ಅಜ್ಜಿ ಬೆನ್ನು ತಿರುಗಿಸಿ ಎಂದದ್ದು ಯಾಕೆಂದು ಎರ್ಮಿನಿಯೊಗೆ ಆಗ ಹೊಳೆಯಿತು. ಕದ್ದ ಮಾಲಿನ ಮುಖವನ್ನು ಯಾರಾದರೂ ಮಾಲೀಕನಿಗೆ ತೋರಿಸುತ್ತಾರೆಯೇ? ಗ್ರೀಕ್ ಸೇನಾಪತಿ ಕಣ್ಣೆದುರೇ ಹಂದಿ ಮೇಯಿಸಲು ಹೊರಟುಹೋದ. ಮೇಷ್ಟ್ರಿಗೆ ಅಳು ಬಂತು. ಊರು ಊರೇ ಅವರ ಮುಖ ನೋಡುತ್ತಿತ್ತು. ಕಥೆ ಹೋಯಿತು, ಇನ್ನು ಸಂತನೂ ಹೋಗುತ್ತಾನೆ, ಅದೂ ತಾವು ತೋರಿಸಿದ ಮರ್ಯಾದೆಯ ದೆಸೆಯಿಂದ.

"ನ್ಯಾಯವಾದ ಮಾತು, ಫಾದರ್," ಎಂದರು ಅವರು. "ಬಿಸಿಲಿಗೆ ಸಂತನ ಬಣ್ಣ ಬಿರುಕು ಬಿಡುತ್ತೆ. ಮೊದ್ಲು ಒಳಗಿಡೋಣ. ನೀವೆಲ್ಲ ಒಂದೊಂದು ಲೋಟ ವೈನ್ ತಗೊಳ್ಳಿ, ಆಮೇಲೆ ಮಾತಾಡೋಣ."

ಹೊತ್ತವರು ಬೆರಳಿನ ಸಮೇತ ಸಂತನನ್ನು ಚರ್ಚಿನೊಳಗೆ ಒಯ್ದರು. ಪಾಲ್ಮೀರಾ ಹಿಂದೆಯೇ ಹೋದಳು. ಕೊನೆಗೆ ಒಳಬಂದ ಎರ್ಮಿನಿಯೊ ಬಾಗಿಲು ಹಾಕಿ, ಅಡ್ಡ ತೊಲೆಯನ್ನು ತಾವೇ ಎಳೆದು ಜಡಿದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿತು.

"ಬೆರಳನ್ನಾದ್ರೂ ಕೊಡ್ರಯ್ಯಾ," ಎಂದು ದೊನ್ ಲಿಬೊರಿಯೊ ಕೂಗುತ್ತಿದ್ದರು.

ಪಾಲ್ಮೀರಾ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗ್ರೀಕರು ಹಿಂಗೇ ಮಾಡ್ತಿದ್ರಾ?"

ಎರ್ಮಿನಿಯೊ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚು ಖುಷಿಯೂ ಆಗುತ್ತಿತ್ತು.

"ಗ್ರೀಕರ ವಿಷ್ಯ ನನಗೇನು ಗೊತ್ತಮ್ಮ," ಎಂದರು. "ನಮ್ಮೋರು ಹಿಂಗೇ ಮಾಡಿದ್ದು."